ತಿಂದ ಹುಲ್ಲು, ತುಳಿದ ಹುಲ್ಲು

ಹಲವು ವರ್ಷ ನಾನು ಕುದುರೆಗೆ ಒಣಹುಲ್ಲನ್ನು ತೋಳಿನ ಅಳತೆಯಲ್ಲೇ ಹಾಕುತ್ತಿದ್ದೆ. ಬೆಳಗ್ಗೆ ಒಂದು ತೆಕ್ಕೆ, ಸಂಜೆ ಒಂದು ತೆಕ್ಕೆ. ಒಮ್ಮೆ ಕುತೂಹಲಕ್ಕೆಂದು ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ನೋಡಿದರೆ, ಕಣ್ಣಿಗೆ ಸಮನಾಗಿ ಕಂಡಿದ್ದ ಎರಡು ತೆಕ್ಕೆಗಳ ನಡುವೆ ಒಂದೂವರೆ ಕಿಲೋ ವ್ಯತ್ಯಾಸವಿತ್ತು. ಕುದುರೆಗೆ ದಿನಕ್ಕೆ ಅದರ ಮೈತೂಕದ ಶೇ 1.5ರಿಂದ 2ರಷ್ಟು ಒಣಮೇವು ಬೇಕು. 450 ಕಿಲೋ ತೂಗುವ ಕುದುರೆಗೆ ಅದು ಸುಮಾರು 7ರಿಂದ 9 ಕಿಲೋ ಆಗುತ್ತದೆ. ಅಂದಿನಿಂದ ತಕ್ಕಡಿ ಲಾಯದ ಬಾಗಿಲಲ್ಲೇ ನೇತಾಡುತ್ತಿದೆ.

ಉಳಿತಾಯವೆಂದರೆ ಕಡಿಮೆ ಹಾಕುವುದೆಂದು ತಿಳಿದವರಿದ್ದಾರೆ. ಅದು ತಪ್ಪು ಲೆಕ್ಕ. ಕುದುರೆಯ ಜಠರದಲ್ಲಿ ಆಮ್ಲ ಹಗಲಿರುಳೂ ಸ್ರವಿಸುತ್ತಿರುತ್ತದೆ, ಆದರೆ ಅದನ್ನು ತಣಿಸುವ ಜೊಲ್ಲು ಊರುವುದು ಅಗಿಯುವಾಗ ಮಾತ್ರ. ಹೀಗಾಗಿ ಗೋದಲಿ ಗಂಟೆಗಟ್ಟಲೆ ಬರಿದಾಗಿದ್ದರೆ ಜಠರದಲ್ಲಿ ಹುಣ್ಣಾಗುವ ಸಂಭವ ಹೆಚ್ಚು. ಹಣ ಪೋಲಾಗುವುದು ತಿಂದ ಹುಲ್ಲಿನಿಂದಲ್ಲ, ತುಳಿದ ಹುಲ್ಲಿನಿಂದ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪರೀಕ್ಷೆಯೊಂದರಲ್ಲಿ, ದೊಡ್ಡ ದುಂಡು ಪೆಂಡಿಗಳನ್ನು ಗೋದಲಿಯಿಲ್ಲದೆ ನೆಲದ ಮೇಲೆಯೇ ಇಟ್ಟಾಗ ಶೇ 57ರಷ್ಟು ಹುಲ್ಲು ವ್ಯರ್ಥವಾಗಿತ್ತು.

ನಾನು ಮೊದಲು ಕೊಂಡದ್ದು ಸಣ್ಣ ಕಣ್ಣಿನ ಬಲೆ. ಕುದುರೆ ಅದರಿಂದ ಎಳೆ ಎಳೆಯಾಗಿ ಹಿರಿದು ನಿಧಾನವಾಗಿ ತಿನ್ನುತ್ತಿತ್ತು, ಲದ್ದಿಯೊಡನೆ ಗುಡಿಸಿ ಎಸೆಯುವ ಹುಲ್ಲು ಬಹುಮಟ್ಟಿಗೆ ನಿಂತೇಹೋಯಿತು. ಆದರೆ ತುಂಬಿದಾಗ ಎದೆಯೆತ್ತರದಲ್ಲಿರುವ ಬಲೆ ಬರಿದಾದಂತೆ ಮೊಣಕಾಲಿನವರೆಗೂ ಜೋತುಬೀಳುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಒಂದು ಸಂಜೆ ಹೋಗಿ ನೋಡಿದರೆ, ಮುಂಗಾಲಿನ ಲಾಳ ಬಲೆಗೆ ಸಿಕ್ಕಿಕೊಂಡು, ಕುದುರೆ ಮೂರು ಕಾಲಿನ ಮೇಲೆ ನಡುಗುತ್ತಾ ನಿಂತಿತ್ತು. ಜಾರುಗಂಟು ಹಾಕಿದ್ದರಿಂದ ಹಗ್ಗ ಒಂದೇ ಎಳೆತಕ್ಕೆ ಬಿಚ್ಚಿತೆಂಬುದಷ್ಟೇ ನನ್ನ ಪುಣ್ಯ. ಈಗ ಬಲೆಯ ಬದಲು ತಗ್ಗಾದ ಮರದ ಪೆಟ್ಟಿಗೆಯಿದೆ. ಅದರಲ್ಲಿ ತಲೆ ತಗ್ಗಿಸಿ ತಿನ್ನುವಾಗ ಉಸಿರು ನಾಳಕ್ಕೆ ಸೇರಿದ ಧೂಳು ಮೂಗಿನತ್ತ ಇಳಿದುಬರುತ್ತದೆ, ನೆಲದ ಮರಳೂ ಮೇವಿನೊಡನೆ ಹೊಟ್ಟೆ ಸೇರುವುದಿಲ್ಲ.

ಅಗ್ಗಕ್ಕೆ ಸಿಕ್ಕಿತೆಂದು ಬೂಷ್ಟು ಹಿಡಿದ ಪೆಂಡಿಯನ್ನು ಮಾತ್ರ ಮುಟ್ಟಬಾರದು, ಏಕೆಂದರೆ ಕುದುರೆ ವಾಂತಿ ಮಾಡಲಾರದು. ನುಂಗಿದ್ದೆಲ್ಲ ಕರುಳಿನ ಮೂಲಕವೇ ಸಾಗಬೇಕು. ಕೊಳ್ಳುವ ಮೊದಲು ನಾನು ಪೆಂಡಿಯ ನಡುವಿಗೆ ಕೈ ತೂರಿಸುತ್ತೇನೆ. ಒಳಗೆ ಬೆಚ್ಚಗಿದ್ದರೆ ಹುಲ್ಲನ್ನು ಪೂರ್ತಿ ಒಣಗುವ ಮೊದಲೇ ಕಟ್ಟಿದ್ದಾರೆಂದು ಅರ್ಥ, ಅಂಥದ್ದನ್ನು ಒಟ್ಟಿಟ್ಟರೆ ಕಾವು ಏರಿ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಬಿಚ್ಚಿ ಕೊಡವಿದಾಗ ಬೂದು ಪುಡಿ ಎದ್ದು ಮುಗ್ಗಲು ವಾಸನೆ ಬಂದರೂ ಬೇಡ. ಬರಿಯ ಧೂಳಾದರೆ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಸೋರಿಸಿ ಹಾಕಬಹುದು. ಆದರೆ ನೆನೆದ ಹುಲ್ಲು ಸೆಕೆಗೆ ಬೇಗ ಕೆಡುವುದರಿಂದ ಒಂದು ಹೊತ್ತಿಗೆ ಬೇಕಾದಷ್ಟನ್ನೇ ನೆನೆಸಬೇಕು.

ಹೊಸ ಹುಲ್ಲು ಬಂದಾಗ 7ರಿಂದ 10 ದಿನ ಹಳೆಯದರೊಡನೆ ಬೆರೆಸಿ, ಪಾಲನ್ನು ದಿನೇದಿನೇ ಹೆಚ್ಚಿಸುತ್ತೇನೆ. ಬೆಳಗ್ಗೆ ಪೆಟ್ಟಿಗೆಯ ತಳದಲ್ಲಿ ಉಳಿದದ್ದನ್ನೂ ತೂಗಿ ಬರೆದಿಡುತ್ತೇನೆ. ಒರಟು ದಂಟೇ ಉಳಿದಿದ್ದರೆ ತಪ್ಪು ಕುದುರೆಯದಲ್ಲ, ಅಂಥ ಹುಲ್ಲನ್ನು ಮತ್ತೆ ಕೊಳ್ಳುವುದಿಲ್ಲ.