ಗಂಗೆ ದಿಲ್ಲಿಯಲ್ಲೇ ಉಳಿದಳು

ನಾನು ಬಸ್ ನಿಲ್ದಾಣದ ಕಂಟ್ರೋಲ್ ರೂಮಿನಲ್ಲಿ ಟಿ.ಸಿ., ಅಂದರೆ ಟ್ರಾಫಿಕ್ ಕಂಟ್ರೋಲರ್. 19 ವರ್ಷದಿಂದ ಅದೇ ಕಿಟಕಿ, ಅದೇ ಮೈಕು. "ಸಾರ್, ಹರಿಹರ ಗಾಡಿ ಎಷ್ಟೊತ್ತಿಗೆ?" ಅಂತ ದಿನಕ್ಕೆ ನೂರು ಸಲ ಕೇಳಿಸಿಕೊಳ್ಳುತ್ತೇನೆ. ಗಾಡಿ ಎಲ್ಲಿದೆ ಅಂತ ನನಗೇ ಗೊತ್ತಿಲ್ಲದಾಗ ನಾನು ಹೇಳುವ ಮಾತು ಒಂದೇ: "ಇನ್ನು ಹತ್ತು ನಿಮಿಷ." ಬೈಸಿಕೊಂಡದ್ದೂ ಇದೆ. ಒಬ್ಬರು ಕಿಟಕಿಯೊಳಗೆ ಕೊಡೆ ತೂರಿಸಿದ್ದೂ ಇದೆ. ಹಾಗಾಗಿ ಜನವರಿಯಲ್ಲಿ ಅವ್ವನನ್ನು ಕಾಶಿಗೆ ಕರೆದುಕೊಂಡು ಹೋಗಿ ವಾಪಸ್ ಬರುವಾಗ, ಕೌಂಟರಿನ ಈಚೆ ಕಡೆ ನಿಂತ ಆ ಒಂದು ದಿನವನ್ನು ಬರೆದಿಡಬೇಕು ಅನ್ನಿಸಿತು.

ಅವ್ವನಿಗೆ 74. ಸರ್ಕಾರದ ಸಹಾಯಧನ ಸಿಗುವ ಕಾಶಿ ರೈಲಿನಲ್ಲಿ ಹೋಗೋಣ ಅಂದರೆ ಅಷ್ಟು ದಿನದ ಪ್ರಯಾಣಕ್ಕೆ ಅವಳ ಮಂಡಿ ಒಪ್ಪುವುದಿಲ್ಲ. ಸರಿ ಅಂತ ವಿಮಾನದ ಟಿಕೆಟ್ ಮಾಡಿಸಿದೆ. ವಾಪಸ್ ಬರುವುದು ವಾರಾಣಸಿಯಿಂದ ದಿಲ್ಲಿ, ದಿಲ್ಲಿಯಿಂದ ಬೆಂಗಳೂರು. ಎರಡೂ ಒಂದೇ ಕಂಪನಿ, ಒಂದೇ ಪಿಎನ್ಆರ್. ದಿಲ್ಲಿಯಲ್ಲಿ ಎರಡೂಮುಕ್ಕಾಲು ಗಂಟೆ ಬಿಡುವು. ಶನಿವಾರ ರಾತ್ರಿ 11.30ಕ್ಕೆ ಮೆಜೆಸ್ಟಿಕ್‌ನಿಂದ ನಮ್ಮೂರಿನ ಬಸ್ಸು. ಸೋಮವಾರ ಮನೆಯಲ್ಲಿ ಗಂಗಾಪೂಜೆ, ಊಟಕ್ಕೆ ನೂರೈವತ್ತು ಜನ. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ನಮ್ಮ ಡಿಪೋದ ಶೆಡ್ಯೂಲ್‌ಗಳೂ ಕಾಗದದ ಮೇಲೆ ಹೀಗೇ ಇರುತ್ತವೆ.

ಜಂಗಮವಾಡಿ ಮಠದಲ್ಲಿ ಮೂರು ದಿನ ಇದ್ದೆವು. ಅವ್ವ 11 ಪುಟ್ಟ ತಾಮ್ರದ ತಂಬಿಗೆ ಕೊಂಡಳು. ಗಂಗೆಯ ನೀರು ತುಂಬಿ ಬಾಯಿಗೆ ಬೆಸುಗೆ ಹಾಕಿ ಕೊಡುತ್ತಾರಲ್ಲ, ಅವು. ಜೊತೆಗೆ ಒಂದು ಹಿಡಿ ಕಾಶಿದಾರ. ಕಾಶಿಗೆ ಹೋದವರು ಇಷ್ಟದ ತಿನಿಸು ಒಂದನ್ನು ಬಿಟ್ಟು ಬರಬೇಕು ಅನ್ನುತ್ತಾರೆ. ನಮ್ಮ ಕಡೆ ಜನ ಜಾಣರು, ಹಾಗಲಕಾಯಿ ಬಿಟ್ಟು ಬರುತ್ತಾರೆ. ಅವ್ವ ಮಾತ್ರ ನಿಜಕ್ಕೂ ಇಷ್ಟವಾದ ಆಲೂಗಡ್ಡೆಯನ್ನೇ ಬಿಟ್ಟಳು. ಉತ್ತರ ಭಾರತದಲ್ಲಿ ಇನ್ನೂ ಒಂದು ದಿನ ಕಳೆಯೋದು ಬಾಕಿ ಇದೆ ಅನ್ನೋದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಬಾಬತ್‌ಪುರದ ವಿಮಾನ ನಿಲ್ದಾಣ ತಲುಪಿದಾಗ ಬೆಳಿಗ್ಗೆ 11. ಒಳ್ಳೇ ಬಿಸಿಲು. ತಂಬಿಗೆಗಳನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಿ, ದೊಡ್ಡ ಬ್ಯಾಗಿಗೆ ಹಾಕಿ, ಬೆಂಗಳೂರಿಗೇ ಟ್ಯಾಗ್ ಮಾಡಿಸಿ ಕಳಿಸಿದೆವು. ಅಷ್ಟರಲ್ಲಿ ಮೊಬೈಲ್‌ಗೆ ಮೆಸೇಜ್ ಬಂತು. 1.10ರ ವಿಮಾನ 2.10ಕ್ಕೆ. ಆಮೇಲೆ 3.00. ಆಮೇಲೆ 3.50.

ಇಲ್ಲಿ ಬಿಸಿಲಿದ್ದರೆ ತಡ ಯಾಕೆ ಅಂತ ಸುತ್ತಲಿನವರೆಲ್ಲ ಗೊಣಗುತ್ತಿದ್ದರು. ನನಗೆ ಅದು ಆಶ್ಚರ್ಯ ಆಗಲಿಲ್ಲ. ನಮ್ಮ ಬಸ್ ನಿಲ್ದಾಣದಲ್ಲೂ ಬೆಂಗಳೂರಿನಿಂದ ಗಾಡಿ ಬಂದರೆ ತಾನೆ ಅದು ವಾಪಸ್ ಹೋಗೋದು? ನಮ್ಮ ವಿಮಾನ ಬೆಳಿಗ್ಗೆ ದಿಲ್ಲಿಯಿಂದ ಹೊರಡಬೇಕಿತ್ತು, ಅಲ್ಲಿ ಮಂಜು. ಕೂತಲ್ಲೇ ಮೊಬೈಲ್‌ನಲ್ಲಿ ಓದುತ್ತಾ ಒಂದು ವಿಷಯ ತಿಳಿಯಿತು. ದಿಲ್ಲಿಯಲ್ಲಿ ಕ್ಯಾಟ್-3ಬಿ ಅನ್ನೋ ವ್ಯವಸ್ಥೆ ಇದೆ. ತರಬೇತಿ ಆದ ಪೈಲಟ್ ರನ್‌ವೇಯಲ್ಲಿ 50 ಮೀಟರ್ ಕಾಣಿಸಿದರೂ ವಿಮಾನ ಇಳಿಸಬಹುದು. ಆದರೆ ಮೇಲೇರಲು 125 ಮೀಟರ್ ಕಾಣಿಸಬೇಕು. ಅಂದರೆ ಬಂದವರು ಬರುತ್ತಾರೆ, ಹೋಗುವವರು ನಿಲ್ಲುತ್ತಾರೆ. ಹಬ್ಬದ ಮಾರನೇ ದಿನದ ಬಸ್ ನಿಲ್ದಾಣ ಕಣ್ಣ ಮುಂದೆ ಬಂತು.

ಕೌಂಟರಿನ ಹುಡುಗನ ಹತ್ತಿರ ಹೋಗಿ ನನ್ನ ಹರಕು ಹಿಂದಿಯಲ್ಲಿ ಕೇಳಿದೆ: ದಿಲ್ಲಿಯಲ್ಲಿ ನಮಗೆ 5.30ಕ್ಕೆ ಬೆಂಗಳೂರು ವಿಮಾನ ಇದೆ, ಸಿಗುತ್ತಾ? ಅವನು ಸ್ಕ್ರೀನ್ ಕಡೆ ನೋಡಲೂ ಇಲ್ಲ. "ಸಿಗುತ್ತೆ ಸಾರ್, ಅದೂ ಲೇಟಿದೆ. ಇಲ್ಲಿ ಹತ್ತು ನಿಮಿಷದಲ್ಲಿ ಬೋರ್ಡಿಂಗ್."

ಹತ್ತು ನಿಮಿಷ! ಆ ಮಾತಿನ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಂಬಿದೆ ನೋಡಿ. ಎದುರಿಗೆ ನಿಂತಾಗ ನಂಬಲೇಬೇಕಾಗುತ್ತೆ, ಬೇರೆ ದಾರಿ ಇರೋದಿಲ್ಲ. ನನ್ನ ಕಿಟಕಿಗೆ ಬರುವವರೂ ಹೀಗೇ ನಂಬುತ್ತಿದ್ದರು ಅಂತ ಕಾಣುತ್ತೆ.

ಬೆಂಗಳೂರು ವಿಮಾನ 6.30ಕ್ಕೆ ಅಂತ ಆ್ಯಪ್ ತೋರಿಸಿತು. ನಾವು ದಿಲ್ಲಿಯಲ್ಲಿ ಇಳಿದದ್ದು 5.48ಕ್ಕೆ. ಎಲ್ಲರೂ ಇಳಿದ ಮೇಲೆ ಗಾಲಿಕುರ್ಚಿ ಬರಬೇಕು, ಅದಕ್ಕೆ ಕಾದೆವು. ತಳ್ಳುವ ಹುಡುಗ ಬಂದವನೇ ನಮ್ಮ ಬೋರ್ಡಿಂಗ್ ಪಾಸ್ ನೋಡಿ ಓಡತೊಡಗಿದ. ಟರ್ಮಿನಲ್ 3ರ ನೆಲಕ್ಕೆ ಉದ್ದಕ್ಕೂ ಕಾರ್ಪೆಟ್ ಹಾಸಿದ್ದಾರೆ. ನೋಡೋಕೆ ಚೆಂದ, ಕುರ್ಚಿ ತಳ್ಳುವವನಿಗೆ ಮಾತ್ರ ಗದ್ದೆ ಉತ್ತ ಹಾಗೆ. ಆ ಚಳಿಯಲ್ಲೂ ಅವನ ಹಣೆ ಬೆವರಿತ್ತು. ಅವ್ವ ಹಿಂದೆ ತಿರುಗಿ "ನಿಧಾನ ಮಗಾ, ನಿಧಾನ" ಅಂತ ಕನ್ನಡದಲ್ಲೇ ಹೇಳುತ್ತಿದ್ದಳು. ಅವನು "ಹಾಂ ಮಾತಾಜಿ" ಅಂದು ಇನ್ನೂ ಜೋರಾಗಿ ಓಡುತ್ತಿದ್ದ.

ಗೇಟ್ ತಲುಪಿದಾಗ 6.12. ವಿಮಾನ ಗಾಜಿನಾಚೆ ಕಾಣುತ್ತಿತ್ತು. ವಿಮಾನಕ್ಕೆ ನಡೆದು ಹತ್ತುವ ಏರೋಬ್ರಿಡ್ಜ್ ಇನ್ನೂ ಅಂಟಿಕೊಂಡೇ ಇತ್ತು. ಗೇಟಿನವರು ಇಬ್ಬರು ಕಾಗದ ಜೋಡಿಸುತ್ತಿದ್ದರು. "ಗೇಟ್ ಕ್ಲೋಸ್ ಆಗಿದೆ ಸಾರ್. 25 ನಿಮಿಷ ಮೊದಲು ಕ್ಲೋಸ್."

"ಇಲ್ಲೇ ನಿಂತೈತಲ್ಲೋ," ಅವ್ವ ಗಾಜಿಗೆ ಬೆರಳು ಒತ್ತಿ ಹೇಳಿದಳು. "ಕದ ತೆಗಿ ಅನ್ನು."

ನಿಮ್ಮದೇ ವಿಮಾನ ತಡವಾಗಿ ತಂದು ಇಳಿಸಿದ್ದು, ನಾವು ಕಡಲೆಕಾಯಿ ತಿನ್ನುತ್ತಾ ಕೂತಿರಲಿಲ್ಲ ಅಂತ ಹೇಳಿದೆ. ಅವರಲ್ಲಿ ಒಬ್ಬ "ಸಿಸ್ಟಮ್‌ನಲ್ಲಿ ಆಫ್‌ಲೋಡ್ ಆಗಿದೆ" ಅಂದ, ಅಂದರೆ ನಮ್ಮ ಹೆಸರು ಪಟ್ಟಿಯಿಂದ ತೆಗೆದಾಗಿತ್ತು. ತೂಕದ ಲೆಕ್ಕದ ಕಾಗದ ಪೈಲಟ್ ಕೈ ಸೇರಿದ ಮೇಲೆ ಇಬ್ಬರನ್ನು ಸೇರಿಸೋದು ಸುಲಭ ಅಲ್ಲ, ಒಪ್ಪುತ್ತೇನೆ. ಆದರೆ ಇಬ್ಬರು ಒಂದೇ ಟಿಕೆಟ್‌ನಲ್ಲಿ ಕೆಳಗೆ ಇಳಿದಿದ್ದಾರೆ, ಓಡಿ ಬರುತ್ತಿದ್ದಾರೆ ಅನ್ನೋದು ಅದೇ ಸಿಸ್ಟಮ್‌ಗೆ ಗೊತ್ತಿತ್ತು ಅಲ್ವಾ? ನಮ್ಮಲ್ಲಿ ಹಿಂದಿನ ಗಾಡಿಯಲ್ಲಿ ಇಂಥ ಊರಿಗೆ ನಾಲ್ಕು ಜನ ಇದ್ದಾರೆ ಅಂತ ಕಂಡಕ್ಟರ್ ಒಂದು ಫೋನ್ ಮಾಡಿದರೆ ಸಾಕು, ಕೊನೇ ಬಸ್ಸನ್ನು ಐದು ನಿಮಿಷ ನಿಲ್ಲಿಸುತ್ತೇವೆ. ಆ ವಿಮಾನ ಹಿಂದಕ್ಕೆ ಸರಿದದ್ದು 6.50ಕ್ಕೆ. ಪೂರ್ತಿ 38 ನಿಮಿಷ ನಾವು ಅದರ ಮುಖ ನೋಡುತ್ತಾ ನಿಂತಿದ್ದೆವು. ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಮಂಜಿನ ಮೇಲೆ ಇಲ್ಲ.

ಟ್ರಾನ್ಸ್‌ಫರ್ ಡೆಸ್ಕಿನಲ್ಲಿ ನಲವತ್ತು ಜನರ ಸಾಲು. ಒಳಗೆ ಒಬ್ಬಳೇ ಹುಡುಗಿ, ಇಪ್ಪತ್ತನಾಲ್ಕು ಇಪ್ಪತ್ತೈದರ ಆಸುಪಾಸು. ನಮ್ಮ ಮುಂದೆ ಸೂಟು ಹಾಕಿದವರೊಬ್ಬರು ಮೊಬೈಲ್ ಅವಳ ಮುಖಕ್ಕೇ ಹಿಡಿದು ವಿಡಿಯೋ ಮಾಡುತ್ತಾ ಕಿರುಚುತ್ತಿದ್ದರು. ಅವಳು ಕಣ್ಣು ಕೆಳಗೆ ಹಾಕಿ ಕೀಬೋರ್ಡ್ ಒತ್ತುತ್ತಿದ್ದಳು. ಸುಮ್ನೆ ಒತ್ತುತ್ತಿದ್ದಳು ಅಂತ ನನಗೆ ಗೊತ್ತಾಯಿತು. ನಾನೂ ಹಾಗೆ ಮಾಡುತ್ತೇನೆ. ಕೈಗೆ ಕೆಲಸ ಇದ್ದರೆ ಬೈಗುಳ ಸ್ವಲ್ಪ ದೂರದಿಂದ ಕೇಳಿಸುತ್ತೆ.

ಸಾಲಿನಲ್ಲಿ ನಿಂತೇ ಪ್ರಯಾಣಿಕರ ಹಕ್ಕಿನ ಬಗ್ಗೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ ಏನು ಅಂತ ಓದಿಕೊಂಡೆ. ಒಂದೇ ಟಿಕೆಟ್‌ನಲ್ಲಿದ್ದ ಮುಂದಿನ ವಿಮಾನ ತಪ್ಪಿದರೆ ಕಂಪನಿ ಬೇರೆ ವಿಮಾನ ಕೊಡಬೇಕು. ನಾನು ನೂರಿನ್ನೂರು ಉಳಿಸೋಕೆ ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪರಿಹಾರದ ದುಡ್ಡು? ಹವಾಮಾನದಿಂದ ಆದ ತಡಕ್ಕೆ ಅದು ಇಲ್ಲ. ಹೋಟೆಲ್? 24 ಗಂಟೆ ಮೀರಿ ತಡ ಆದರೆ ಉಂಟು. ರಾತ್ರಿ 8ರಿಂದ ಬೆಳಗಿನ ಜಾವ 3ರ ಒಳಗೆ ಹೊರಡಬೇಕಾದ ವಿಮಾನ ಆದರೆ 6 ಗಂಟೆ ಮೀರಿದರೆ ಉಂಟು. ನಮ್ಮದು ಸಂಜೆ 5.30ರದ್ದು. ಎರಡರ ಮಧ್ಯೆ ಸರಿಯಾಗಿ ಸಿಕ್ಕಿಬಿದ್ದಿದ್ದೆವು.

ನಮ್ಮ ಸರದಿ ಬಂತು. ಅವಳು ಟಿಕೆಟ್ ನೋಡಿ ಹೇಳಿದಳು, "ನಾಳೆ 11.40ಕ್ಕೆ ಎರಡು ಸೀಟಿದೆ. ಹೋಟೆಲ್ ಕೊಡೋಕೆ ಬರಲ್ಲ ಸಾರ್, ವೆದರ್."

ಬೈಯಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ 19 ವರ್ಷ ಕಿಟಕಿಯ ಆಚೆ ಕೂತವನಿಗೆ ಒಂದು ಗೊತ್ತಿರುತ್ತೆ. "ಯಾಕೆ ಹೀಗಾಯ್ತು" ಅಂತ ಕೇಳಿದರೆ ಕೌಂಟರಿನವರ ಹತ್ತಿರ ಉತ್ತರ ಇರೋದಿಲ್ಲ. ಹಾಗಂತ ಅವರ ಕೈ ಪೂರ್ತಿ ಖಾಲಿಯೂ ಇರೋದಿಲ್ಲ. ನನ್ನ ಹತ್ತಿರ ಯಾವಾಗಲೂ ಎರಡು ಸೀಟು, ಒಂದು ಫೋನ್ ನಂಬರ್ ಇರುತ್ತೆ. ಕೇಳುವವರು ಸಮಾಧಾನವಾಗಿ ಕೇಳಿದರೆ ಹೊರಗೆ ಬರುತ್ತೆ.

ಅದಕ್ಕೇ ಕೇಳಿದೆ: "ನಾನೂ ಇಂಥದೇ ಕೆಲಸ ಮಾಡೋನು, ಬಸ್ ಸ್ಟ್ಯಾಂಡಿನಲ್ಲಿ. ನಿನ್ನ ಕೈಯಲ್ಲಿ ಏನಿದೆ, ಅಷ್ಟು ಹೇಳಮ್ಮ."

ಅವಳು ಮೊದಲ ಸಲ ತಲೆ ಎತ್ತಿ ನೋಡಿದಳು.

"ರಾತ್ರಿ 9.25ರದ್ದು ಫುಲ್ ತೋರಿಸ್ತಿದೆ" ಅಂದಳು. ಆ ವಿಮಾನ ಹಿಡಿಯಬೇಕಾದವರಲ್ಲೂ ಕೆಲವರು ನಮ್ಮ ಹಾಗೆ ಇನ್ನೊಂದು ಊರಲ್ಲಿ ಮಂಜಿಗೆ ಸಿಕ್ಕಿಕೊಂಡಿರಬೇಕಲ್ಲ ಅಂದೆ. ಅವಳು ಸಣ್ಣಗೆ ನಕ್ಕಳು. ಚೆಕ್-ಇನ್ ಮುಗಿಯೋದು ಒಂದು ಗಂಟೆ ಮೊದಲು, ಬರದವರ ಲೆಕ್ಕ ಆಗ ಸಿಗುತ್ತೆ. ನಮ್ಮ ಹೆಸರನ್ನು ಕಾಯುವವರ ಪಟ್ಟಿಗೆ ಹಾಕಿ, 8.30ಕ್ಕೆ ಸಾಲಿಗೆ ನಿಲ್ಲದೆ ನೇರ ತನ್ನ ಹತ್ತಿರ ಬರಲು ಹೇಳಿದಳು. ನಾಳೆಯ ಸೀಟನ್ನೂ ಕ್ಯಾನ್ಸಲ್ ಮಾಡದೆ ಇಟ್ಟಳು. ವಿಮಾನ ತಡವಾದದ್ದಕ್ಕೆ ಒಂದು ಪತ್ರ ಬೇಕು ಅಂದೆ, ಈಮೇಲ್‌ಗೆ ಬರುತ್ತೆ ಅಂದಳು, ಬಂತು ಕೂಡ. "ಬ್ಯಾಗ್ ಮಾತ್ರ ಪ್ರಾಮಿಸ್ ಮಾಡಲ್ಲ ಸಾರ್. ಕೆಳಗೆ ಎಲ್ಲ ಗುಡ್ಡೆ ಬಿದ್ದಿದೆ." ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಮೊದಲನೆಯವಳು ಅವಳೇ.

ಊಟಕ್ಕೆ ಎರಡು ಡಬ್ಬಿ ಕೊಟ್ಟರು. ಆಲೂ ಪರಾಠ. ಅಂಗಡಿ ಸಾಲಿಗೆ ಹೋದೆ. ಸಮೋಸ, ಪೂರಿ ಭಾಜಿ, ಆಲೂ ಟಿಕ್ಕಿ ಬನ್ನು. ಚಿಪ್ಸ್ ಆಗುತ್ತಾ ಅಂತ ಕೇಳಿದರೆ ಅವ್ವ ಕೆಂಗಣ್ಣು ಬಿಟ್ಟಳು, "ಅದೇನು ಗಾಳೀಲಿ ಬೆಳಿತೈತಾ?" ಕೊನೆಗೆ ಕೈಚೀಲದ ತಳದಲ್ಲಿ ಉಳಿದಿದ್ದ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದಳು. ಆಲೂ ಪರಾಠ ಎರಡನ್ನೂ ಕುರ್ಚಿ ತಳ್ಳುವ ಹುಡುಗನಿಗೆ ಕೊಟ್ಟೆವು. ಅವನ ಪಾಳಿ ಆಗಲೇ ಮುಗಿದಿತ್ತು. ಬದಲಿಯವನು ಇನ್ನೂ ಬಂದಿರಲಿಲ್ಲ, ಅದಕ್ಕೇ ಅವ್ವನನ್ನು ಬಿಟ್ಟು ಹೋಗಿರಲಿಲ್ಲ.

8.40ಕ್ಕೆ ಹುಡುಗಿ ದೂರದಿಂದಲೇ ಕೈ ಎತ್ತಿ ಎರಡು ಬೆರಳು ತೋರಿಸಿದಳು. ಎರಡೂ ಮಧ್ಯದ ಸೀಟು, ಒಂದು ಮುಂದೆ, ಒಂದು ಬಾಲದ ಹತ್ತಿರ. ಅವ್ವ ಹೊರಡುವ ಮೊದಲು ಅವಳ ಕೈ ಹಿಡಿದು ಕಾಶಿದಾರ ಕಟ್ಟಿದಳು. ಹಿಂದಿನ ಸಾಲಿನವರು "ಅರೇ ಜಲ್ದಿ ಕರೋ" ಅನ್ನುತ್ತಿದ್ದರು. ಅವ್ವನಿಗೆ ಹಿಂದಿ ಬರೋದಿಲ್ಲ, ನಿಧಾನವಾಗಿ ಮೂರು ಗಂಟು ಹಾಕಿದಳು.

ಬೆಂಗಳೂರಿನಲ್ಲಿ ಇಳಿದಾಗ 12.20. ಅಷ್ಟೊತ್ತಿಗೆ ಮೆಜೆಸ್ಟಿಕ್‌ನಿಂದ ನಮ್ಮ ಸಂಸ್ಥೆಯ ಗಾಡಿಯೇ ನನ್ನನ್ನು ಬಿಟ್ಟು ಹೋಗಿತ್ತು, ಸರಿಯಾದ ಟೈಮಿಗೆ. ಬೆಲ್ಟ್ ಮೂರು ಸುತ್ತು ತಿರುಗಿ ನಿಂತಿತು. ಬ್ಯಾಗ್ ಇಲ್ಲ.

"ಗಂಗಿ ಎಲ್ಲಿ?" ಅಂದಳು ಅವ್ವ. ಅಷ್ಟೇ. ಇಡೀ ದಿನದಲ್ಲಿ ಅವಳ ದನಿ ನಡುಗಿದ್ದು ಅದೊಂದೇ ಸಲ.

ಬ್ಯಾಗೇಜ್ ಕೌಂಟರಿನ ಹುಡುಗ "ಹೇಳಿ ಸಾರ್" ಅಂತ ಕನ್ನಡದಲ್ಲಿ ಶುರು ಮಾಡಿದಾಗ ನನ್ನ ಅರ್ಧ ಸುಸ್ತು ಇಳಿಯಿತು. ಪಿಐಆರ್ ಅಂತ ಒಂದು ಫಾರಂ ಬರೆದುಕೊಂಡ. ಇಂಥ ಫಾರಂ ಮಾಡಿಸದೆ ಹೊರಗೆ ಹೋಗಬೇಡಿ. ಆಮೇಲೆ ಬ್ಯಾಗ್ ಕೇಳೋಕೆ ಅದರ ನಂಬರೇ ಆಧಾರ. ಬ್ಯಾಗಿನ ಬಣ್ಣ, ಚಕ್ರ ಎಷ್ಟು ಅಂತೆಲ್ಲ ಕೇಳಿ, ಒಳಗೆ ಏನಿದೆ ಅಂದ. "ಗಂಗೆ" ಅಂದಳು ಅವ್ವ. ಅವನು ಪೆನ್ ಎತ್ತಿ ನನ್ನ ಮುಖ ನೋಡಿದ. ತಾಮ್ರದ ತಂಬಿಗೆ 11, ಸೀರೆ 4 ಅಂತ ಬರೆಸಿದೆ. ಮನೆಗೆ ಕಳಿಸುತ್ತೇವೆ, ಆದರೆ ನಿಮ್ಮೂರಿಗೆ ಎರಡು ಮೂರು ದಿನ ಆಗುತ್ತೆ ಅಂದ. ಸೋಮವಾರ ಬೆಳಿಗ್ಗೆ ಪೂಜೆ. ಯಾರಾದರೂ ಬಂದು ತಗೊಳ್ಳಬಹುದಾ ಅಂದೆ. ನನ್ನ ಪತ್ರ, ಆಧಾರ್ ಪ್ರತಿ, ಟ್ಯಾಗ್ ಚೀಟಿ ಇದ್ದರೆ ಕೊಡುತ್ತೇವೆ ಅಂದ.

ಅಲ್ಲೇ ಒಂದು ಹಾಳೆ ಕೇಳಿ ಪತ್ರ ಬರೆದೆ. ರಾತ್ರಿ ಯಲಹಂಕದಲ್ಲಿ ಅಕ್ಕನ ಮಗನ ರೂಮಿನಲ್ಲಿ ಮಲಗಿ, ಬೆಳಿಗ್ಗೆ ಸಿಕ್ಕ ಬಸ್ಸು ಹತ್ತಿದೆವು. ಭಾನುವಾರ ಮಧ್ಯಾಹ್ನ ಬ್ಯಾಗ್ ಬೆಂಗಳೂರಿಗೆ ಬಂತು. ಅಳಿಯ ಹೋಗಿ ಬಿಡಿಸಿಕೊಂಡು ರಾತ್ರಿ ಬಸ್ಸಿಗೆ ಹತ್ತಿದ. ನನಗೆ ನಿದ್ದೆ ಬರಲಿಲ್ಲ. ಕಂಟ್ರೋಲ್ ರೂಮಿಗೆ ಮೂರು ಸಲ ಫೋನ್ ಮಾಡಿ ಬೆಂಗಳೂರು ಗಾಡಿ ಎಲ್ಲಿದೆ ಅಂತ ಕೇಳಿದೆ. ಪಾಳಿಯಲ್ಲಿದ್ದ ನನ್ನ ಜೊತೆಯವನು ಮೂರನೇ ಸಲ ಫೋನ್ ಎತ್ತಿ, ನನ್ನ ದನಿ ಗುರುತಿಸಿಯೂ, "ಇನ್ನು ಹತ್ತು ನಿಮಿಷ ಸಾರ್" ಅಂದ.

5.40ಕ್ಕೆ ಗಂಗೆ ಮನೆಗೆ ಬಂದಳು. ಒಂದು ತಂಬಿಗೆ ನಗ್ಗಿತ್ತು, ಸೋರಿರಲಿಲ್ಲ.

ವಿಮಾನ ಪ್ರಯಾಣಿಕರ ದೂರಿಗೆ ಸರ್ಕಾರ ಮಾಡಿರುವ ಏರ್‌ಸೇವಾ ಜಾಲತಾಣದಲ್ಲಿ ದೂರು ಹಾಕಿದ್ದೇನೆ, ಮಂಜಿನ ಬಗ್ಗೆ ಅಲ್ಲ, ಆ 38 ನಿಮಿಷದ ಬಗ್ಗೆ. ವಿಷಾದಿಸುತ್ತೇವೆ ಅಂತ ಕಂಪನಿಯಿಂದ ಒಂದು ಪತ್ರ ಬಂದಿದೆ. ಟ್ರಾನ್ಸ್‌ಫರ್ ಡೆಸ್ಕಿನ ಹುಡುಗಿಯನ್ನು ಹೊಗಳಿ ಬರೆದದ್ದಕ್ಕೆ ಏನೂ ಉತ್ತರ ಬಂದಿಲ್ಲ. ಅವಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿಕೊಳ್ಳೋಕೆ ನಾನೂ ಮರೆತಿದ್ದೆ.

ಪೂಜೆ ಚೆನ್ನಾಗಾಯಿತು. ನೂರೈವತ್ತು ಅಂದದ್ದು ನೂರಾ ಎಂಬತ್ತಾಯಿತು. ಎಲ್ಲ ಮುಗಿದು ಅವ್ವ ಎಲೆ ಮುಂದೆ ಕೂತಾಗ ಅಡುಗೆಯವರು ಹೋಳಿಗೆ ಬಡಿಸಿದರು, ಕೋಸಂಬರಿ ಬಡಿಸಿದರು, ಆಮೇಲೆ ಸೌಟು ತುಂಬ ಹಳದಿ ಪಲ್ಯ ತಂದರು. ಅವ್ವ ಎಲೆಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದಳು. ಅಡುಗೆಯವರಿಗೆ ಹೇಳೋದು ನನಗೆ ಮರೆತೇ ಹೋಗಿತ್ತು.