ಒಂದು ‘ಳು’ ಬಿಟ್ಟುಕೊಟ್ಟ ಗುಟ್ಟು

ಡೊಂಬಿವಲಿಯಲ್ಲಿರುವ ಮಾವನ ಬಲಗಣ್ಣಿನ ಪೊರೆ ತೆಗೆಸಿ ಮೂರು ದಿನ ಆಗಿತ್ತು. ಎಡಗಣ್ಣಿಗೂ ಪೊರೆ ಬಂದಿದೆ, ಅದರ ಆಪರೇಷನ್ ಮುಂದಿನ ತಿಂಗಳು. ಅಲ್ಲಿಯವರೆಗೆ ಓದು ಬಂದ್. ಅತ್ತೆ ಫೋನ್ ಮಾಡಿ, “ಶನಿವಾರ ನಿನಗೆ ರಜೆ ಅಲ್ವಾ? ಬಂದು ಏನಾದ್ರೂ ಓದಿ ಹೇಳು ಮಾರಾಯ್ತಿ. ಇಡೀ ದಿನ ಫ್ಯಾನ್ ನೋಡ್ತಾ ಮಲಗಿರ್ತಾರೆ. ನನಗೆ ನೋಡ್ಲಿಕ್ಕೆ ಆಗುದಿಲ್ಲ” ಅಂದರು.

ಮುಲುಂಡ್‌ನಿಂದ ಲೋಕಲ್ ಹಿಡಿದು ಹೊರಟೆ. ಬ್ಯಾಗಿನಲ್ಲಿ ಹಿಂದಿನ ತಿಂಗಳು ಓದಿ ಮುಗಿಸಿದ ಎರಡು ಇಂಗ್ಲಿಷ್ ಥ್ರಿಲ್ಲರ್‌ಗಳಿದ್ದವು. ಮಾವನಿಗೆ ಇಂಗ್ಲಿಷ್ ಪೇಪರಿನ ತಲೆಬರಹ ಓದುವಷ್ಟು ಬರುತ್ತದೆ, ಕಾದಂಬರಿ ಓದುವಷ್ಟು ಬರುವುದಿಲ್ಲ. ಹಾಗಾಗಿ ಓದುತ್ತಾ ಓದುತ್ತಾ ಕನ್ನಡದಲ್ಲಿ ಹೇಳಬೇಕು. ಅದೇನು ದೊಡ್ಡ ವಿಷಯ ಅಂತ ನನಗೆ ಅನ್ನಿಸಿರಲಿಲ್ಲ.

ಮಾವ ಪತ್ತೇದಾರಿ ಕತೆಗಳ ಹಳೆಯ ಭಕ್ತರು. ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಫೋರ್ಟ್‌ನ ಒಂದು ಕ್ಯಾಂಟೀನಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳು ಆ ಹುಡುಗರ ನಡುವೆ ಕೈಯಿಂದ ಕೈಗೆ ಹೋಗುತ್ತಿದ್ದವಂತೆ. ಒಮ್ಮೆ ಬಂದ ಪುಸ್ತಕಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಕ್ಯಾಂಟೀನ್ ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುವಾಗ, ಕೊಂದವನು ಯಾರು ಅಂತ ನಾಲ್ಕು ಜನ ರಾತ್ರಿಯಿಡೀ ಜಗಳ ಆಡಿದ್ದರಂತೆ. “ಇವತ್ತಿಗೂ ಗೊತ್ತಿಲ್ಲ ಯಾರು ಅಂತ. ಆದ್ರೆ ಆ ಪುಸ್ತಕ ಮರೆತಿಲ್ಲ” ಎಂದು ಮಾವ ಎಷ್ಟೋ ಸಲ ಹೇಳಿದ್ದಾರೆ.

ಮೊದಲು ತೆಗೆದ ಪುಸ್ತಕದ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಗುಟ್ಟೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಈಚೆಗೆ ಬರುವ ತುಂಬಾ ಥ್ರಿಲ್ಲರ್‌ಗಳ ಅಚ್ಚಿನಲ್ಲೇ ಇರುವ ಪುಸ್ತಕ. ಎರಡು ಮೂರು ಅಧ್ಯಾಯಕ್ಕೊಮ್ಮೆ ಓರೆ ಅಕ್ಷರದಲ್ಲಿ ಒಂದು ಪುಟ ಬರುತ್ತದೆ. ಅದರಲ್ಲಿ ಕೊಲೆಗಾರ ಓಡಾಡುತ್ತಾನೆ, ಅಥವಾ ಓಡಾಡುತ್ತಾಳೆ. ಗಂಡೋ ಹೆಣ್ಣೋ ಎಂದು ಲೇಖಕರು ಹೇಳುವುದಿಲ್ಲ. ರೈಲಿನಲ್ಲಿ ನಿಂತುಕೊಂಡು ಓದಿದಾಗ ನನಗೆ ಅದು ಬಹಳ ಹಿಡಿಸಿತ್ತು.

ಕನ್ನಡದಲ್ಲಿ ಹೇಳಲು ಹೊರಟಾಗ ಮೊದಲ ಓರೆ ಅಕ್ಷರದ ಪುಟದಲ್ಲೇ ನಾಲಿಗೆ ತಡವರಿಸಿತು. ಇಂಗ್ಲಿಷಿನಲ್ಲಿ ಕ್ರಿಯಾಪದ ಏನನ್ನೂ ಬಿಟ್ಟುಕೊಡುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಬಂದ ಅಂದರೆ ಗಂಡು, ಬಂದಳು ಅಂದರೆ ಹೆಣ್ಣು. ಬಂದರು ಅನ್ನಬಹುದು, ಆದರೆ ಕೊಲೆ ಮಾಡಲು ಬಂದವರಿಗೆ ಬಹುವಚನ ಕೊಟ್ಟರೆ ಯಾರೋ ಮೇಷ್ಟ್ರು ಮನೆಗೆ ಬಂದ ಹಾಗೆ ಕೇಳುತ್ತದೆ. ಒಂದೆರಡು ಪುಟ ‘ಆ ಆಕೃತಿ ಒಳಗೆ ಬಂತು’, ‘ನೆರಳು ಮೆಟ್ಟಿಲು ಹತ್ತಿತು’ ಎಂದು ದಾಟಿಸಿದೆ. ಮಾವ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ಅವರು ಓದಿಕೊಂಡು ಬಂದ ಭಾಷೆ ಅದು.

ನಡುವೆ ಪಕ್ಕದ ಮನೆಯ ಕಾಕೂ ಆರೋಗ್ಯ ವಿಚಾರಿಸಲು ಬಂದು ಕೂತರು. ನನ್ನ ಕಷ್ಟವನ್ನು ಅವರಿಗೆ ಮರಾಠಿಯಲ್ಲಿ ಹೇಳಿದೆ. ಅವರು ನಕ್ಕು, ಹಾಗಾದರೆ ಕೊಲೆಗಾರನ ಬಾಯಿಂದಲೇ ಕತೆ ಹೇಳಿಸು ಅಂದರು. ಆಮೇಲೆ ಅವರೇ ತಡೆದು ಯೋಚಿಸಿದರು. ಮರಾಠಿಯಲ್ಲಿ ಅದೂ ಆಗುವುದಿಲ್ಲ. ‘ನಾನು ಬಂದೆ’ ಅನ್ನಲು ಗಂಡಸು ‘ಮೀ ಆಲೋ’ ಅನ್ನಬೇಕು, ಹೆಂಗಸು ‘ಮೀ ಆಲೇ’ ಅನ್ನಬೇಕು. ಕನ್ನಡದ ‘ನಾನು ಬಂದೆ’ಯಲ್ಲಿ ಯಾರು ಬೇಕಾದರೂ ಅಡಗಿ ಕೂರಬಹುದು. ಇಪ್ಪತ್ತು ವರ್ಷದಿಂದ ಎರಡೂ ಭಾಷೆ ಆಡುತ್ತಿದ್ದೇನೆ, ಇದು ಕಣ್ಣಿಗೆ ಬಿದ್ದಿದ್ದು ಅವತ್ತೇ. ಕೊಲೆಗಾರನ ಬಾಯಲ್ಲಿ ಕತೆ ಹೇಳಿಸುವವರಿಗೆ ನಮ್ಮ ಭಾಷೆ ಎಷ್ಟು ಒಳ್ಳೆಯ ಜಾಗ ಅಲ್ವಾ ಅನ್ನಿಸಿತು.

ಮೂರು ಗಂಟೆಗೆ ಕಣ್ಣಿನ ಡ್ರಾಪ್ಸ್ ಹೊತ್ತು. ಎರಡು ಬಾಟಲಿ. ಮೊದಲನೆಯದು ಹಾಕಿ ಐದು ನಿಮಿಷ ಬಿಟ್ಟು ಎರಡನೆಯದು. ಅತ್ತೆ ಮಾವನ ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ಒಂದು ಹನಿ ಬಿಟ್ಟರು. ಹನಿ ಕೆನ್ನೆಗೆ ಇಳಿಯಿತು, ಸೆರಗಿನಿಂದ ಒರೆಸಲು ಹೋದವರು ಡಾಕ್ಟರು ಬೈದದ್ದು ನೆನಪಾಗಿ ಹತ್ತಿ ತಂದರು. “ನೀನು ಓದು, ನಿಲ್ಲಿಸಬೇಡ” ಅಂದರು ಮಾವ. ನಾನು ಗೋಡೆಯ ಗಡಿಯಾರ ನೋಡುತ್ತಾ ಓದುತ್ತಿದ್ದೆ. ಐದು ನಿಮಿಷ ಆಯ್ತಾ ಅಂತ ಒಂದು ಕಣ್ಣು, ಪುಟದ ಮೇಲೆ ಒಂದು ಕಣ್ಣು. ಆಗಲೇ ಬಾಯಿಂದ ಬಂತು: “ಮೆಲ್ಲಗೆ ಬಾಗಿಲು ತೆಗೆದಳು.”

ಕೊಲೆ ಮಾಡಿದವಳು ಯಾರು ಎಂದು ನನಗೆ ಗೊತ್ತಿತ್ತಲ್ಲ. ಗೊತ್ತಿದ್ದದ್ದು ನಾಲಿಗೆಗೆ ಇಳಿಯಿತು. ನಾನು ನಿಲ್ಲಿಸದೆ ಮುಂದೆ ಹೋದೆ. ಮಾವನೂ ಏನೂ ಅನ್ನಲಿಲ್ಲ. ಎರಡನೇ ಹನಿ ಬಿತ್ತು. ಇನ್ನೊಂದು ಅಧ್ಯಾಯ ಮುಗಿಯಿತು. ಚಹಾ ಬಂತು. ಬಟಾಟೆ ಪೋಡಿ ಮುರಿಯುತ್ತಾ ಮಾವ ಮೆತ್ತಗೆ ಕೇಳಿದರು, “ತೆಗೆದಳು ಅಂದೆಯಲ್ಲ? ಹಾಗಾದ್ರೆ ಆ ತಂಗಿಯೇ. ಮನೆಯ ಬೀಗದ ಕೈ ಇರುವ ಹೆಂಗಸು ಬೇರೆ ಯಾರಿದ್ದಾರೆ?”

ನನಗೆ ನಿಜಕ್ಕೂ ಅಳು ಬಂತು. ನೋಡಲಾಗದೆ ಮಲಗಿರುವ ಮನುಷ್ಯನಿಗೆ ಒಂದು ಕತೆಯ ಖುಷಿ ಕೊಡೋಣ ಅಂತ ಬಂದು, ಅದನ್ನೇ ಕೆಡಿಸಿದೆನಲ್ಲ. ಮಾವ ಮಾತ್ರ ಸಮಾಧಾನವಾಗಿಯೇ ಇದ್ದರು. “ಅಯ್ಯೋ, ಅದಕ್ಕೇನಂತೆ? ಯಾರು ಅಂತ ಗೊತ್ತಾಯ್ತು, ಇನ್ನು ಯಾಕೆ ಅಂತ ನೋಡುವ, ಹೇಗೆ ಸಿಕ್ಕಿಬೀಳ್ತಾಳೆ ನೋಡುವ. ಓದು.”

ಓದಿದೆ. ಆಗ ಆ ಪುಸ್ತಕದ ಬಣ್ಣ ತಿಳಿಯಿತು. ಮುಂದಿನ ನೂರಿಪ್ಪತ್ತು ಪುಟದಲ್ಲಿ ಏನೂ ಇರಲಿಲ್ಲ. ತಂಗಿ ಯಾಕೆ ಹಾಗಾದಳು ಎನ್ನುವುದಕ್ಕೆ ಕೊನೆಯಲ್ಲಿ ಒಂದೂವರೆ ಪುಟ, ಅದೂ ಅವಳೇ ಪೊಲೀಸರ ಮುಂದೆ ಒದರುವ ಮಾತು. ಉಳಿದದ್ದೆಲ್ಲ ಬೇರೆಯವರ ಮೇಲೆ ಅನುಮಾನ ಹಾಯಿಸುವ ಕೆಲಸ. ಅನುಮಾನ ಇಲ್ಲದವರಿಗೆ ಅದು ಸುಮ್ನೆ ಕಾಲಹರಣ. ರೈಲಿನಲ್ಲಿ ಎರಡು ದಿನಕ್ಕೆ ಮುಗಿಸಿ ಗೆಳತಿಯರಿಗೆಲ್ಲ ಓದಿ ಎಂದು ಹೇಳಿದ್ದೆ. ಅವತ್ತು ಸಂಜೆ ಆ ಮಾತನ್ನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ. ಒಂದೇ ಒಂದು ‘ಳು’ ತಡೆದುಕೊಳ್ಳದ ಪುಸ್ತಕವನ್ನು ಒಳ್ಳೆಯ ಥ್ರಿಲ್ಲರ್ ಎಂದು ಈಗ ನಾನು ಒಪ್ಪುವುದಿಲ್ಲ.

ರಾತ್ರಿ ಅಲ್ಲೇ ಉಳಿದು, ಭಾನುವಾರ ಎರಡನೇ ಪುಸ್ತಕ ತೆಗೆದೆ. ಜಪಾನಿನ ಕೀಗೊ ಹಿಗಾಶಿನೊ ಬರೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಜಪಾನಿ ಭಾಷೆಯಲ್ಲಿ 2005ರಲ್ಲಿ ಬಂದದ್ದು, ಅಲ್ಲಿನ ನವೋಕಿ ಪ್ರಶಸ್ತಿ ಪಡೆದದ್ದು. ಇದರಲ್ಲಿ ಕೊಲೆ ಶುರುವಿನಲ್ಲೇ ನಮ್ಮ ಕಣ್ಣೆದುರೇ ಆಗುತ್ತದೆ. ಯಾಸುಕೊ ಎಂಬ ಹೆಂಗಸು ಮತ್ತು ಅವಳ ಮಗಳು, ಕಾಟ ಕೊಡಲು ಬಂದ ಹಳೆಯ ಗಂಡನನ್ನು ಕೊಲ್ಲುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿಗೆ ಅದು ಗೊತ್ತಾಗುತ್ತದೆ. ಅವನು ಅವರನ್ನು ಉಳಿಸಲು ನಿಲ್ಲುತ್ತಾನೆ. ಬಚ್ಚಿಡಲು ಏನೂ ಇಲ್ಲ ಎಂದುಕೊಂಡು ನಾನು ಧೈರ್ಯವಾಗಿ ಓದಿದೆ. ‘ನು’ವೂ ಇತ್ತು, ‘ಳು’ವೂ ಇತ್ತು.

ಯಾಸುಕೊ ಕೆಲಸ ಮಾಡುವುದು ಊಟದ ಡಬ್ಬ ಮಾರುವ ಅಂಗಡಿಯಲ್ಲಿ. ಇಶಿಗಾಮಿ ಅಲ್ಲಿಂದ ಡಬ್ಬ ಕೊಳ್ಳುತ್ತಾನೆ. ಮಾವ ಅಲ್ಲಿ ನನ್ನನ್ನು ನಿಲ್ಲಿಸಿದರು. “ಅವನು ಊಟಕ್ಕೆ ಬರುದಲ್ಲ ಮಾರಾಯ್ತಿ. ಗಲ್ಲೆಯ ಈಚೆ ನಿಂತವರಿಗೆ ಅದು ಗೊತ್ತಾಗ್ತದೆ. ಚಿಲ್ಲರೆ ಎಣಿಸುವಾಗ ತಡ ಮಾಡ್ತಾರೆ ಅಂಥವರು.” ನಲವತ್ತು ವರ್ಷ ಕ್ಯಾಂಟೀನಿನ ಗಲ್ಲೆಯಲ್ಲಿ ಕೂತ ಮನುಷ್ಯ ಹೇಳಿದ ಮಾತು. ನಾನು ಮೊದಲ ಸಲ ಓದುವಾಗ ಆ ಡಬ್ಬದ ಅಂಗಡಿಯನ್ನು ಬೇಗ ಬೇಗ ದಾಟಿಬಿಟ್ಟಿದ್ದೆ. ಕೊಲೆ ಎಲ್ಲಿ ಎಂದು ಹುಡುಕುವ ಅವಸರ.

ಇಶಿಗಾಮಿಯ ಕಾಲೇಜು ದಿನಗಳ ಗೆಳೆಯ, ಭೌತಶಾಸ್ತ್ರದ ಪ್ರೊಫೆಸರ್ ಯುಕಾವಾ, ಪೊಲೀಸರ ಜೊತೆಗೆ ಬಂದ ಮೇಲೆ ಆಟ ಬಿಗಿಯಾಗುತ್ತದೆ. ನಾವೇ ಉತ್ತರ ಕಂಡುಹಿಡಿಯುವುದು ಸುಲಭವೋ, ಇನ್ನೊಬ್ಬರು ಕೊಟ್ಟ ಉತ್ತರ ಸರಿಯೋ ಎಂದು ನೋಡುವುದು ಸುಲಭವೋ ಎಂಬ ಗಣಿತದ ಪ್ರಶ್ನೆ ಅವರಿಬ್ಬರ ನಡುವೆ ಬರುತ್ತದೆ. ಅದನ್ನು ಕನ್ನಡದಲ್ಲಿ ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು. ಮಾವ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಚಿಂತೆ ಬೇರೆ: “ಆ ಮೇಷ್ಟ್ರು ಪಾಪ ಬಚಾವಾಗ್ತಾನಾ?”

ಮುಂದಿನ ಶನಿವಾರ, ಭಾನುವಾರವೂ ಹೋದೆ. ಅತ್ತೆಯೂ ಕೆಲಸ ಬೇಗ ಮುಗಿಸಿ ಬಂದು ಕೂರುತ್ತಿದ್ದರು. ಭಾನುವಾರ ಸಂಜೆ ಕೊನೆಯ ಅಧ್ಯಾಯ. ಏನಾಯಿತು ಎಂದು ಬರೆಯುವುದಿಲ್ಲ. ಎಲ್ಲ ಗೊತ್ತಿದೆ ಅಂದುಕೊಂಡವರಿಗೂ ಗೊತ್ತಿಲ್ಲದ ಒಂದು ಸಂಗತಿ ಅಲ್ಲಿದೆ. ಎರಡನೇ ಸಲ ಓದುತ್ತಿದ್ದ ನನ್ನ ಗಂಟಲೇ ಕಟ್ಟಿತು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಮಾವನ ಕಪ್ಪು ಕನ್ನಡಕದ ಕೆಳಗೆ ನೀರು ಇಳಿಯುತ್ತಿತ್ತು. ಡ್ರಾಪ್ಸ್ ಹಾಕಿ ಎರಡು ಗಂಟೆ ಆಗಿತ್ತು. ನಾನು ಹತ್ತಿ ಕೊಟ್ಟೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೆಳಗೆ ರಸ್ತೆಯಲ್ಲಿ ರಿಕ್ಷಾಗಳ ಸದ್ದು. ಆಮೇಲೆ ಮಾವ ನನ್ನ ಕಡೆ ತಿರುಗಿದರು.

“ಶುರುವಿಗೆ ಆ ಮೇಷ್ಟ್ರು ಕೆಲಸಕ್ಕೆ ಹೋಗುವ ದಾರಿ ಇತ್ತಲ್ಲ, ನದಿ ಬದಿಯದ್ದು. ಅದನ್ನು ಇನ್ನೊಮ್ಮೆ ಓದು. ಈ ಸಲ ಏನೂ ಬಿಡಬೇಡ.”

ಕಲ್ಯಾಣದ ಕಡೆಯಿಂದ ಬರುವ ಒಂಬತ್ತರ ಲೋಕಲ್ ಹಿಡಿಯಬೇಕೆಂದಿದ್ದೆ. ಬ್ಯಾಗ್ ಕೆಳಗಿಟ್ಟು, ಮೊದಲ ಪುಟ ತೆಗೆದೆ.