ಮಗಳ ಫಿನ್ಸ್ ಹುಡುಕಾಟ: ನೇತ್ರಾಣಿಗೆ ಹೋಗುವ ಮುಂಚೆ

ಮೇ

ಮಗಳಿಗೆ ಹತ್ತು ತುಂಬಿತು. ಸ್ಕೂಬಾ ಡೈವಿಂಗ್ ತರಬೇತಿಯ ಪಾಡಿ (PADI) ಸಂಸ್ಥೆಯ ಜೂನಿಯರ್ ಓಪನ್ ವಾಟರ್ ಕೋರ್ಸ್‌ಗೆ ಕನಿಷ್ಠ ವಯಸ್ಸು 10, ಹಾಗಾಗಿ ಇನ್ನು ತಡೆಯುವವರಿಲ್ಲ. ಮಳೆಗಾಲ ಮುಗಿದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಬೋಟ್ ಮತ್ತೆ ಹೊರಡುವಷ್ಟರಲ್ಲಿ ಅವಳ ಸಾಮಾನು ಹೊಂದಿಸಬೇಕು. ಮಾಸ್ಕ್ ಆಯ್ತು. ಈಗ ಫಿನ್ಸ್, ಅಂದರೆ ಈಜಲು ಪಾದಕ್ಕೆ ಹಾಕಿಕೊಳ್ಳುವ ರೆಕ್ಕೆಗಳು.

ಗಾಳಿಯ ಟ್ಯಾಂಕ್, ಅದರಿಂದ ಉಸಿರಾಡುವ ರೆಗ್ಯುಲೇಟರ್, ತೇಲುವಿಕೆ ಹೊಂದಿಸುವ ಜಾಕೆಟ್ ಎಲ್ಲ ಡೈವ್ ಸೆಂಟರ್‌ನಲ್ಲೇ ಸಿಗುತ್ತವೆ. ಫಿನ್ಸ್ ಕೂಡ ಕೊಡುತ್ತಾರೆ. ಆದರೆ ಇವಳ ಪಾದ 21.5 ಸೆಂಟಿಮೀಟರ್, ಅಂದರೆ ಯುರೋಪಿನ ಅಳತೆಯಲ್ಲಿ ಸುಮಾರು 34. ಆ ಸೈಜ್ ಅಲ್ಲಿ ಇರುತ್ತೆ ಅಂತ ನಂಬಿಕೊಂಡು ಹೋಗುವುದು ಬೇಡ ಅನ್ನಿಸಿತು.

ಅಜ್ಜಿಯ ಸಲಹೆ: "ಬೆಳೆಯೋ ಕಾಲು, ಒಂದು ಸೈಜ್ ದೊಡ್ಡದೇ ತಗೋ." ಯೂನಿಫಾರ್ಮ್‌ಗೆ ಈ ಮಾತು ಸರಿ. ಸ್ಕೂಲ್ ಶೂಗೂ ಹತ್ತಿ ತುರುಕಿ ಹೇಗೋ ನಡೆಯುತ್ತೆ. ಫಿನ್ಸ್‌ಗೆ ಮಾತ್ರ ನಡೆಯುವುದಿಲ್ಲ. ಸಡಿಲ ಇದ್ದರೆ ಫಿನ್ ಕಳಚಿಹೋಗದ ಹಾಗೆ ಮಗು ಬೆರಳು ಮಡಚಿ ಹಿಡಿದುಕೊಳ್ಳುತ್ತೆ. ಸ್ವಲ್ಪ ಹೊತ್ತಿಗೇ ಅಂಗಾಲು, ಮೀನಖಂಡ ಹಿಡಿದುಕೊಳ್ಳುತ್ತವೆ. ಒದ್ದ ಬಲ ಅಲಗಿಗೆ (ಫಿನ್‌ನ ಮುಂದಿನ ಚಪ್ಪಟೆ ಭಾಗಕ್ಕೆ) ಹೋಗದೆ ಒಳಗೇ ಕಳೆದುಹೋಗುತ್ತೆ. ಹಿಮ್ಮಡಿ ಉಜ್ಜಿ ಬೊಬ್ಬೆ ಬರುವುದು ಬೇರೆ.

ಜೂನ್

ಅಂಗಡಿ ಸುತ್ತಾಟ. ಮಕ್ಕಳಿಗೆ ಅಂತ ಇಟ್ಟಿರುವುದರಲ್ಲಿ ಮುಖ್ಯವಾಗಿ ಮೂರು ಥರ ಕಂಡವು.

ಒಂದು, ಈಜು ಕಲಿಯುವವರ ಗಿಡ್ಡ ರಬ್ಬರ್ ಫಿನ್ಸ್. ಒದೆಯುವುದನ್ನು ಕಲಿಯಲು ಒಳ್ಳೆಯದು, ಬೆನ್ನ ಮೇಲೆ ಟ್ಯಾಂಕ್ ಇದ್ದಾಗ ಸಾಲದು. ಎರಡು, ಹಿಂದೆ ಪಟ್ಟಿ ಇರುವ, ನೀರಿನ ಮೇಲ್ಮೈಯಲ್ಲಿ ತೇಲುತ್ತ ಈಜಲು ಮಾಡಿದ ಅಡ್ಜಸ್ಟಬಲ್ ಸ್ನಾರ್ಕೆಲ್ ಫಿನ್ಸ್. ಮೂರ್ನಾಲ್ಕು ಸೈಜ್‌ಗೆ ಒಂದೇ ಜೋಡಿ, ಹಾಗಾಗಿ ಅಪ್ಪ-ಅಮ್ಮಂದಿರಿಗೆ ಭಾರಿ ಇಷ್ಟ. ಆದರೆ ಇವು ಬರಿಗಾಲಿನ ಅಳತೆಗೆ ಮಾಡಿದವು. ಡೈವಿಂಗ್ ಬೂಟಿ (ಕಾಲುಚೀಲದಂಥ ದಪ್ಪ ಬೂಟು) ಹಾಕಿಕೊಂಡರೆ ಕಾಲು ಒಳಗೆ ಹೋಗುವುದೇ ಇಲ್ಲ. ಸ್ಕೂಬಾದ ಓಪನ್ ಹೀಲ್, ಅಂದರೆ ಹಿಮ್ಮಡಿ ತೆರೆದಿರುವ ಫಿನ್ಸ್ ಬೇರೆಯೇ. ಅವಕ್ಕೆ ಮೊದಲು ಬೂಟಿ ಆರಿಸಿ, ಅದನ್ನು ಹಾಕಿಕೊಂಡೇ ಫಿನ್ ಅಳತೆ ನೋಡಬೇಕು. 3 ಮಿಲಿಮೀಟರ್ ದಪ್ಪದ ಬೂಟಿಗೂ 5 ಮಿಲಿಮೀಟರ್ ದಪ್ಪದ ಬೂಟಿಗೂ ಅಳತೆ ಬದಲಾಗುತ್ತೆ.

ಮೂರನೆಯದು ಫುಲ್ ಫುಟ್. ಹಿಮ್ಮಡಿ ಮುಚ್ಚಿರುತ್ತೆ, ಬರಿಗಾಲಿಗೆ ಹಾಕಿಕೊಳ್ಳುವುದು. ಬೂಟಿಯ ಮುಖ್ಯ ಕೆಲಸ ಚಳಿಯಿಂದ, ಕಲ್ಲಿನ ದಡದಿಂದ ಪಾದ ಕಾಯುವುದು. ನಮ್ಮ ಕಡೆ ಸಮುದ್ರ ಬೆಚ್ಚಗಿರುತ್ತೆ, ನೇತ್ರಾಣಿಯಲ್ಲಿ ನೀರಿಗೆ ಇಳಿಯುವುದು ಬೋಟ್‌ನಿಂದಲೇ. ಹಾಗಾಗಿ ನನ್ನ ಮನಸ್ಸು ಇದರ ಕಡೆಗೇ ವಾಲಿತು. ಬಕಲ್‌ಗಳ ರಗಳೆಯೂ ಇಲ್ಲ. ಅಲುಗಾಡುವ ಬೋಟ್‌ನಲ್ಲಿ ಹತ್ತು ವರ್ಷದ ಬೆರಳುಗಳು ಒದ್ದೆ ಬಕಲ್ ಎಳೆಯುವುದನ್ನು ನೋಡಿದವರಿಗೆ ಗೊತ್ತು.

ಅಲಗು ಎಷ್ಟು ಗಡುಸು ಅಂತ ಪರೀಕ್ಷಿಸುವುದು ಸುಲಭ. ಪಾದದ ಭಾಗ ಹಿಡಿದುಕೊಂಡು ತುದಿಯನ್ನು ನೆಲಕ್ಕೆ ಒತ್ತುವುದು. ಆದರೆ ಒತ್ತಬೇಕಾದದ್ದು ಮಗು, ನಾವಲ್ಲ. ಮೊದಲು ಕೊಟ್ಟದ್ದು ದೊಡ್ಡವರ ಡಿಸೈನ್ ಅನ್ನೇ ಚಿಕ್ಕದು ಮಾಡಿದಂಥ ಉದ್ದನೆಯ ಜೋಡಿ. ಬಣ್ಣ ನೋಡಿ ಮಗಳು ಅದಕ್ಕೇ ಅಂಟಿಕೊಂಡಳು. ಎರಡೂ ಕೈ ಹಾಕಿ ಒತ್ತಿದರೂ ಅಲಗು ಬಗ್ಗಲಿಲ್ಲ. ಕೈಗೆ ಬಗ್ಗದ್ದನ್ನು ನೀರಿನೊಳಗೆ ಆ ಸಣ್ಣ ಕಣಕಾಲು ಹೇಗೆ ಬಗ್ಗಿಸುತ್ತೆ ಹೇಳಿ? ಇನ್ನೊಂದು ಗಿಡ್ಡ ಜೋಡಿ ತುದಿಯಿಂದ ನಡುವಿನವರೆಗೆ ನಿಧಾನವಾಗಿ ಕಮಾನಾಯಿತು, ಬಿಟ್ಟ ಕೂಡಲೇ ನೆಟ್ಟಗಾಯಿತು. ಒಂದೇ ಜಾಗದಲ್ಲಿ ಮುರಿದಂತೆ ಮಡಚಿಕೊಳ್ಳುವುದೂ ಬೇಡ.

33-34 ತಗೊಂಡೆವು. ಹಾಕಿಕೊಂಡು ಕೂತು, ಕಾಲೆತ್ತಿ ಜೋರಾಗಿ ಅಲ್ಲಾಡಿಸಿದಾಗ ಹಿಮ್ಮಡಿ ಜಾರಲಿಲ್ಲ, ಒಳಗೆ ಬೆರಳೂ ಆಡುತ್ತಿತ್ತು. ಎಲ್ಲೂ ಕಚ್ಚಲಿಲ್ಲ. ಬಣ್ಣ ಕಪ್ಪು. ಒಂದು ದಿನ ಮುನಿಸು ಇತ್ತು.

ಜುಲೈ

ಪೂಲ್‌ನಲ್ಲಿ ಫಿನ್ಸ್ ಹಾಕಲು ಒಪ್ಪುವವರನ್ನು ಹುಡುಕುವುದೇ ಒಂದು ಕೆಲಸ. ಜನ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಬಿಟ್ಟರು.

ಮೊದಮೊದಲು ಅವಳು ಸೈಕಲ್ ತುಳಿಯುತ್ತಿದ್ದಳು. ಮಂಡಿ ಎದೆಯ ಹತ್ತಿರ ಬರುತ್ತಿತ್ತು, ಅಲಗು ನೀರನ್ನು ತಳ್ಳುವ ಬದಲು ಸುಮ್ನೆ ಸೀಳುತ್ತಿತ್ತು. ಒದೆತ ಜಾಸ್ತಿ, ಮುಂದೆ ಹೋಗುವುದು ಕಡಿಮೆ. ಗಡುಸು ಫಿನ್ಸ್ ಆದರೆ ಮಕ್ಕಳು ಈ ಅಭ್ಯಾಸದಲ್ಲೇ ಉಳಿದುಬಿಡುತ್ತಾರೆ, ಯಾಕೆಂದರೆ ಮಂಡಿ ಮಡಚಿದರೆ ಭಾರ ತಪ್ಪುತ್ತೆ. ಮೆದು ಅಲಗಿನಲ್ಲಿ ತೊಡೆಯಿಂದ ಒದೆಯಲು ಅಷ್ಟು ಕಷ್ಟ ಆಗುವುದಿಲ್ಲ. ಪೂಲ್‌ನ ಗೋಡೆ ಹಿಡಿಸಿ, ಬೋರಲಾಗಿ ತೇಲಿಸಿ, ಮಂಡಿಯ ಹಿಂದೆ ನನ್ನ ಕೈ ಇಟ್ಟು ಒದೆಸಿದೆ. ಕೆಲವು ವಾರದಲ್ಲಿ ಲಯ ಸಿಕ್ಕಿತು. ಹಿಮ್ಮಡಿಯ ಮೇಲೆ ತೆಳುವಾದ ಕೆಂಪು ಗೆರೆ ಮೂಡುತ್ತಿತ್ತು, ಮನೆ ತಲುಪುವಷ್ಟರಲ್ಲಿ ಮಾಯ. ಬೊಬ್ಬೆ ಬಂದಿಲ್ಲ.

ಇನ್ನೊಂದು ಕಲಿಸಿದ್ದು: ಫಿನ್ಸ್ ಹಾಕಿಕೊಂಡು ಮುಂದಕ್ಕೆ ನಡೆಯಬಾರದು, ಹಿಂದಕ್ಕೆ ನಡೆಯಬೇಕು. ಇದನ್ನು ಅವಳು ಕ್ಷಣದಲ್ಲಿ ಕಲಿತಳು, ಮನೆಯ ಹಾಲ್‌ನಲ್ಲೂ ಹಾಗೇ ಓಡಾಡಿದಳು.

ಆಗಸ್ಟ್

ಪೂಲ್‌ನ ಕ್ಲೋರಿನ್ ಉಳಿಯದಂತೆ ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಮಲಗಿಸಿ ಇಡುತ್ತೇನೆ. ತುದಿಯ ಮೇಲೆ ನಿಲ್ಲಿಸಿಟ್ಟರೆ ಅಲಗು ಸೊಟ್ಟಗಾಗುತ್ತೆ. ಕಾರಿನ ಡಿಕ್ಕಿಯ ಬಿಸಿಯೂ ಬೇಡ.

ಪಾದ ಮತ್ತೆ ಅಳೆದೆ. ಚೂರು ಬೆಳೆದಿದೆ, ಸದ್ಯ ಹಿಡಿಸುತ್ತೆ. ಈ ಸೀಸನ್ ಮುಗಿದ ಮೇಲೆ ತಮ್ಮನಿಗೆ ಎತ್ತಿಟ್ಟರಾಯ್ತು. ಅವನಿಗೆ ಎಂಟು, ಮಕ್ಕಳಿಗೆ ಸ್ಕೂಬಾ ರುಚಿ ತೋರಿಸುವ ಪಾಡಿಯ ಬಬಲ್‌ಮೇಕರ್‌ಗೆ ಆ ವಯಸ್ಸು ಸಾಕು, ಅದೂ 2 ಮೀಟರ್ ಆಳದವರೆಗೆ ಮಾತ್ರ. ಹತ್ತು ತುಂಬಿದ ಅಕ್ಕನಿಗೆ 12 ಮೀಟರ್ ಮಿತಿ.

ಬಾಕಿ ಇರುವುದು ಡೈವ್ ಸೆಂಟರ್‌ಗೆ ಫೋನ್ ಮಾಡಿ ಎರಡು ವಿಷಯ ಕೇಳುವುದು. ಮಕ್ಕಳ ಅಳತೆಯ ಜಾಕೆಟ್ ಇದೆಯಾ? ಕೋರ್ಸ್‌ನಲ್ಲಿ ಬೂಟಿ ಕಡ್ಡಾಯವಾ? ಕಡ್ಡಾಯ ಅಂದರೆ ಈ ಜೋಡಿ ಪೂಲ್‌ಗೇ ಸೀಮಿತ, ಮತ್ತೆ ಅಂಗಡಿಗೆ ಹೋಗಬೇಕು. ಆಗ ಬಣ್ಣ ಆರಿಸುವ ಹಕ್ಕು ತನ್ನದು ಅಂತ ಈಗಲೇ ಬರೆಸಿಕೊಂಡಿದ್ದಾಳೆ.